ಮರವಿಲ್ಲದ ನೆಲದ ಹಕ್ಕಿಗಳು

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕೊಪ್ಪದ ಕಡೆ ಯಾರಿಗೂ ಮನೆ ಬಿಟ್ಟು ಹೊರಡುವ ಪುರುಸೊತ್ತು ಇರುವುದಿಲ್ಲ. ದೀಪಾವಳಿ ಮುಗಿದು, ಸ್ವಾತಿ ಮಳೆ ಹಿಂದೆ ಸರಿದು, ಕೊನೆ ತೆಗೆಯುವವರು ಬರಲು ಇನ್ನೂ ಕೆಲವು ದಿನ ಇದ್ದಾಗ, ಆ ಸಂದಿನಲ್ಲಿ ಕಡೂರು, ಅಜ್ಜಂಪುರ, ತರೀಕೆರೆಯ ಕಡೆ ಹಕ್ಕಿ ನೋಡಿಕೊಂಡು ಬಂದೆ. ಬಂದ ಮೇಲೆ ಅಡಿಕೆ ಸುಲಿದದ್ದಾಯಿತು, ಬೇಯಿಸಿದ್ದಾಯಿತು, ಅಂಗಳದಲ್ಲಿ ಹರವಿದ್ದೂ ಆಯಿತು. ಪ್ರವಾಸ ಮಾತ್ರ ತಲೆಯಿಂದ ಇಳಿಯಲಿಲ್ಲ. ಹಕ್ಕಿಗಳಿಗಿಂತ ಹೆಚ್ಚಾಗಿ ಕಾಡುತ್ತಿರುವುದು ಒಂದು ಕಾವಲಿನಲ್ಲಿ ಕಂಡ ಸಾಲು ಗುಂಡಿಗಳು. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಕೊಪ್ಪ, ಶೃಂಗೇರಿಯೂ ಚಿಕ್ಕಮಗಳೂರು ಜಿಲ್ಲೆಯೇ, ಕಡೂರು, ಅಜ್ಜಂಪುರವೂ ಚಿಕ್ಕಮಗಳೂರು ಜಿಲ್ಲೆಯೇ. ನಡುವೆ ಬಾಬಾಬುಡನ್‌ಗಿರಿಯ ಸಾಲು ಅಡ್ಡ ನಿಂತಿದೆ. ಪಶ್ಚಿಮದಿಂದ ಬರುವ ಮೋಡಗಳು ತಮ್ಮ ಹೊರೆಯನ್ನೆಲ್ಲ ನಮ್ಮ ಬದಿಗೆ ಇಳಿಸಿ, ಗುಡ್ಡ ದಾಟುವ ಹೊತ್ತಿಗೆ ಹಗುರಾಗುತ್ತವೆ. ಆಚೆ ಬದಿಯವರಿಗೆ ಉಳಿದದ್ದರಲ್ಲಿ ಪಾಲು. ನಮ್ಮಲ್ಲಿ ಹಕ್ಕಿ ನೋಡುವುದೆಂದರೆ ಮೊದಲು ಕಿವಿಯ ಕೆಲಸ. ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿ ಎಷ್ಟೋ ಹೊತ್ತಾದ ಮೇಲೆ ಎಲೆಗಳ ಸಂದಿಯಲ್ಲಿ ಅದರ ಕೊಕ್ಕು ಕಾಣುತ್ತದೆ. ಕೆಲವೊಮ್ಮೆ ಕಾಣುವುದೇ ಇಲ್ಲ. ಕತ್ತು ಮೇಲೆತ್ತಿ ನೋಡುವುದೇ ರೂಢಿಯಾದವರಿಗೆ ಬಯಲಿನಲ್ಲಿ ಮೊದಲ ದಿನ ಎಲ್ಲಿ ನೋಡಬೇಕೆಂದೇ ತೋಚುವುದಿಲ್ಲ. ಎಲ್ಲವೂ ಎದುರಿಗೇ ಇರುತ್ತದೆ, ಅರ್ಧ ಹರದಾರಿ ದೂರದಲ್ಲಿ.

ನನ್ನ ಜೊತೆ ಇದ್ದವರು ಕಡೂರಿನ ಪಕ್ಕದ ಹಳ್ಳಿಯ ಪ್ರೌಢಶಾಲೆಯ ಮೇಷ್ಟ್ರು. ಮಕ್ಕಳಿಗೆ ಹಕ್ಕಿ ತೋರಿಸುತ್ತಾ ಊರೂರು ತಿರುಗಿದವರು. ಯಾವ ಕೆರೆಯಲ್ಲಿ ಯಾವ ತಿಂಗಳು ನೀರು ಎಲ್ಲಿಗೆ ನಿಲ್ಲುತ್ತದೆ ಎಂಬುದು ಅವರ ಬಾಯಲ್ಲೇ ಇತ್ತು.

ಮೊದಲು ಹೋದದ್ದು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ. ಶಕುನಗಿರಿ ಹಿಂದೆ ನಿಂತಿರುವ, ಮೂರು ಕಡೆ ಗುಡ್ಡದಿಂದ ಸುತ್ತುವರಿದ ದೊಡ್ಡ ಕೆರೆ. ರುಕ್ಮಾಂಗದರಾಯ ಎಂಬ ಅರಸ ಕಟ್ಟಿಸಿದ್ದು, 1156ರಲ್ಲಿ ಹೊಯ್ಸಳರ ಕಾಲದಲ್ಲಿ ದುರಸ್ತಿಯಾದದ್ದು ಎಂದು ಹೇಳುತ್ತಾರೆ. ಗುಡ್ಡದ ಮೇಲೆ ಬಿದ್ದ ಮಳೆ ವೇದಾ ಹಳ್ಳವಾಗಿ ಈ ಕೆರೆಗೆ ಬರುತ್ತದೆ. ಇನ್ನೊಂದು ಹಳ್ಳ ಅವತಿ ಮದಗದ ಕೆರೆಯ ಮೂಲಕ ಹರಿಯುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ ಸೇರುತ್ತವೆ. ನಮ್ಮ ಮೋಡ ಉಳಿಸಿ ಕಳಿಸಿದ ಪಾಲು ಹೀಗೆ ಚಿತ್ರದುರ್ಗದವರೆಗೂ ನಡೆದು ಹೋಗುತ್ತದೆ.

ಏರಿಯ ಮೇಲೆ ಕೂತಾಗ ಮೇಷ್ಟ್ರು ನೀರುಗಂಟಿಯ ಕಥೆ ಹೇಳಿದರು. ಒಂದು ರಾತ್ರಿ ಗಂಗಮ್ಮ ನೀರುಗಂಟಿಗೆ ಕಾಣಿಸಿಕೊಂಡು, ಏರಿ ಒಡೆದುಕೊಂಡು ಹೋಗುತ್ತೇನೆ ಎಂದಳಂತೆ. ಅವನು ಕೈಮುಗಿದು, ಅರಸನಿಗೆ ಒಂದು ಮಾತು ಹೇಳಿ ಬರುತ್ತೇನೆ, ನಾನು ತಿರುಗಿ ಬರುವತನಕ ನಿಲ್ಲು ತಾಯಿ ಎಂದು ಮಾತು ತೆಗೆದುಕೊಂಡನಂತೆ. ಸುದ್ದಿ ಕೇಳಿದ ಅರಸ ಯೋಚಿಸಿ, ಇವನು ತಿರುಗಿ ಹೋಗದಿದ್ದರೆ ಗಂಗೆಯೂ ಹೋಗುವುದಿಲ್ಲ ಎಂದು ನೀರುಗಂಟಿಯ ತಲೆ ತೆಗೆಸಿದನಂತೆ. ಗಂಗೆ ಇನ್ನೂ ಕಾಯುತ್ತಿದ್ದಾಳೆ. ಇಂಥದೇ ಕಥೆ ಕರ್ನಾಟಕದ ಬೇರೆ ಕೆರೆಗಳ ಮೇಲೂ ಇದೆ. ಆದರೆ ಆ ಏರಿಯ ಮೇಲೆ ಕೂತು ಕೇಳಿದರೆ ಅದು ಇಲ್ಲಿಯದೇ ಅನ್ನಿಸುತ್ತದೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ನೀರು ನಿಲ್ಲಿಸಲು ಜನ ಏನೇನು ಕೊಟ್ಟಿದ್ದಾರೆ ಎಂಬುದು ಆ ಕಥೆಯೊಳಗೆ ಇದೆ.

ಹಕ್ಕಿಯ ಲೆಕ್ಕದಲ್ಲಿ ಮಾತ್ರ ಅಯ್ಯನಕೆರೆ ಅಷ್ಟು ತುಂಬಿರಲಿಲ್ಲ. ನಡುನೀರಿನಲ್ಲಿ ನೀರುಕಾಗೆಗಳು, ದಡದ ಕಲ್ಲಿನ ಮೇಲೆ ಬೆಳ್ಳಕ್ಕಿಗಳು. ಆಳದ ಕೆರೆ ಮುಳುಗು ಹಾಕುವ ಹಕ್ಕಿಗಳದು. ಕಾಲೂರಿ ನಿಂತು ಕೆಸರು ಕೆದಕುವವಕ್ಕೆ ಬೇಕಾದ್ದು ಮೊಣಕಾಲು ಮಟ್ಟದ ನೀರು, ಜೊಂಡು, ಸ್ವಲ್ಪ ಕೊಳಕು. ಅದು ಸಿಗುವುದು ಹೆಸರಿಲ್ಲದ ಸಣ್ಣ ಕೆರೆಗಳಲ್ಲಿ. ಕಡೂರಿನ ಸುತ್ತ ಅಂಥ ಕೆರೆಗಳಿಗೆ ಬರವಿಲ್ಲ. ಹಿಂಗಾರು ಒಂದಿಷ್ಟು ಕೈಹಿಡಿದರೆ ಸಾಕು, ಪ್ರತಿಯೊಂದರಲ್ಲೂ ಹಕ್ಕಿಗಳು ಸಂಸಾರ ಹೂಡುತ್ತವೆ.

ಅಂಥದೊಂದು ಕೆರೆಯ ಕೋಡಿಯ ಬಳಿ ಬೆಳಗಿನ ಹೊತ್ತೆಲ್ಲ ಕಳೆದೆವು. ತಾವರೆ ಎಲೆಗಳ ಮೇಲೆ ದೇವನಕ್ಕಿಗಳು ಉದ್ದುದ್ದ ಬೆರಳು ಊರಿ ನಡೆಯುತ್ತಿದ್ದವು. ಜೊಂಡಿನ ಬುಡದಲ್ಲಿ ನೇರಳೆ ಜಂಬುಕೋಳಿ ಒಂದು ದಂಟನ್ನು ಕಿತ್ತು, ಕಾಲಿನಲ್ಲಿ ಹಿಡಿದು, ಮನುಷ್ಯರು ಕಬ್ಬು ತಿನ್ನುವ ಹಾಗೆ ಸಿಗಿದು ತಿನ್ನುತ್ತಿತ್ತು. ಮಿಂಚು ಕೆಂಬರಲುಗಳು ಸಾಲಾಗಿ ಬಂದು ಗದ್ದೆಗೆ ಇಳಿದವು. ಬಾಲ ಕುಣಿಸುವ ಸಿಪಿಲೆಗಳೂ ಹುಬ್ಬಿನ ಮೇಲೆ ಬಿಳಿ ಗೀರಿರುವ ಸಣ್ಣ ಬಾತುಗಳೂ ಆಗಲೇ ಬಂದಿದ್ದವು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇನ್ನೂ ಬಂದಿರಲಿಲ್ಲ. ಅವು ಚಳಿ ಬಲಿತ ಮೇಲೆ, ಕಡಲೆ ಹೊಲ ಚಿಗುರುವ ಹೊತ್ತಿಗೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅವಕ್ಕೇ ಹೆಸರಾಗಿ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಕಡೂರಿನ ಕೆರೆಗಳಿಗೆ ಅಂಥ ಪಟ್ಟಿಯ ಭಾಗ್ಯವಿಲ್ಲ. ಅವನ್ನು ಕಾಯುತ್ತಿರುವುದು ಮೀನು ಹಿಡಿಯುವವರು ಮತ್ತು ದನ ಮೈತೊಳೆಯುವವರು.

ಒಬ್ಬ ಹುಡುಗ ಲಾರಿ ಟ್ಯೂಬಿನ ಮೇಲೆ ಕೂತು, ಕೈಯಲ್ಲೇ ನೀರು ತಳ್ಳಿಕೊಂಡು ಬಲೆ ಎತ್ತುತ್ತಾ ಬಂದ. ಬಲೆಯಲ್ಲಿ ಒಂದು ನಾಮದ ಕೋಳಿ ಸಿಕ್ಕಿಕೊಂಡಿತ್ತು. ದಡಕ್ಕೆ ತಂದು ಟವೆಲಿನಿಂದ ಅದರ ತಲೆ ಮುಚ್ಚಿ, ಬಲೆಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ನಾನು ಅದರ ಕಾಲು ಹಿಡಿದುಕೊಂಡೆ. ಬಾತಿನ ಹಾಗೆ ಬೆರಳುಗಳ ನಡುವೆ ಚರ್ಮ ಇರಲಿಲ್ಲ. ಬದಲಿಗೆ ಪ್ರತಿ ಗೆಣ್ಣಿಗೂ ಬೂದುಹಸಿರು ಬಣ್ಣದ ಎಲೆಯಂಥ ಮಡಿಕೆ, ಮುಂದಕ್ಕೆ ಒಯ್ದರೆ ಮಡಚಿಕೊಳ್ಳುತ್ತಿತ್ತು, ಹಿಂದಕ್ಕೆ ಒದ್ದರೆ ಅರಳುತ್ತಿತ್ತು. ಆ ಸಣ್ಣ ಒದೆತದಲ್ಲಿ ಎಷ್ಟು ಬಲವಿತ್ತೆಂದರೆ ನನ್ನ ಬೆರಳು ಜಾರಿತು.

"ತಿನ್ನಲ್ವೇನಪ್ಪ ಇದನ್ನ?" ಎಂದು ಮೇಷ್ಟ್ರು ಕೇಳಿದರು.

"ಮೊದ್ಲು ತಿಂತಿದ್ರಂತೆ ಸಾರ್. ನಾವು ಮೀನಿಗೆ ದುಡ್ಡು ಕಟ್ಟಿರೋದು, ಕೋಳಿಗಲ್ವಲ್ಲ" ಎಂದು ಹೇಳಿ ಅದನ್ನು ನೀರಿಗೆ ಬಿಟ್ಟ. ಅದು ನೀರಿನ ಮೇಲೇ ಓಡುತ್ತಾ ಹೋಗಿ ಗುಂಪು ಸೇರಿಕೊಂಡಿತು.

ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಊಟ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಹಸಿ ಈರುಳ್ಳಿ. ಅವರ ತಾಯಿ ನನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. "ಅಕ್ಕಿರೊಟ್ಟಿ ತಿನ್ನೋ ಸೀಮೆಯೋರು ನೀವು. ಮುದ್ದೆ ಅಗೀಬಾರ್ದು ಕಣಪ್ಪ, ಹಂಗೇ ಇಳಿಸ್ಬೇಕು" ಎಂದರು. ಆ ಹುರುಳಿ ಅವರ ಹೊಲದ್ದೇ. ಮಳೆ ಕೈಕೊಟ್ಟ ವರ್ಷವೂ ಹುರುಳಿ ಕೈಬಿಡುವುದಿಲ್ಲ ಎಂದು ಹೇಳಿ, ಬರಗಾಲದ ವರ್ಷಗಳಲ್ಲಿ ತೆಂಗಿನ ಮರಗಳು ಸುಳಿ ಒಣಗಿ ಸಾಲು ಸಾಲಾಗಿ ಸತ್ತದ್ದನ್ನು ನೆನೆದರು. ತೆಂಗಿನ ಸಾವನ್ನು ಮನೆಯ ಸಾವಿನ ಹಾಗೆ ಹೇಳುವ ಆ ದನಿ ನಮ್ಮ ತೋಟಗಾರರಿಗೆ ಅರ್ಥವಾಗುವಂಥದ್ದು. ನಮ್ಮಲ್ಲಿ ಎಲೆಚುಕ್ಕೆ ರೋಗ ಬಂದಾಗಿನಿಂದ ನಾವೂ ಹಾಗೇ ಮಾತಾಡುತ್ತೇವೆ.

ಬಿಸಿಲು ಇಳಿದ ಮೇಲೆ ಬಾಸೂರು ಕಾವಲಿನ ಕಡೆ ಹೋದೆವು. ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಸುಮಾರು 7 ಚದರ ಕಿಲೋಮೀಟರಿನ ಹುಲ್ಲಿನ ನೆಲ. ಮಳೆಗಾಲದ ಹಸಿರು ಹೋಗಿ ಹುಲ್ಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಹಂಚಿಕಡ್ಡಿ, ಕರಡ, ಗರಿಕೆ, ಅಲ್ಲಲ್ಲಿ ತಂಗಡಿಯ ಪೊದೆ, ಎಲ್ಲೋ ಒಂದು ಜಾಲಿ. ಅಂಚಿನ ದಾರಿಯಲ್ಲೇ ನಿಂತು ನೋಡಿದೆವು. ಕೃಷ್ಣಮೃಗಗಳ ಹಿಂಡು ದೂರದಲ್ಲಿ ಮೇಯುತ್ತಿತ್ತು. ಕಪ್ಪು ಬೆನ್ನಿನ ಒಂದು ಹೋರಿ ಬೇರೆಯಾಗಿ ನಿಂತು, ತಲೆ ಹಿಂದಕ್ಕೆ ವಾಲಿಸಿ, ತಿರುಚಿದ ಕೊಂಬುಗಳನ್ನು ಬೆನ್ನಿಗೆ ತಾಗಿಸಿಕೊಂಡು ನಮ್ಮನ್ನು ನೋಡಿತು. ನಾವು ಅದನ್ನು ಕಾಣುವುದಕ್ಕೆ ಮುಂಚೆಯೇ ಅದು ನಮ್ಮನ್ನು ಕಂಡಿತ್ತು. ಈ ಪ್ರಾಣಿಯ ಬದುಕೆಲ್ಲ ದೂರ ನೋಡುವುದರ ಮೇಲೆ ನಿಂತಿದೆ. ತೋಳ ಬರುವುದು ಕಂಡರೆ ಓಡಿ ಗೆಲ್ಲಬಲ್ಲದು. ಕಾಣದಿದ್ದರೆ ಇಲ್ಲ. ಅದರ ನೆಲದಲ್ಲಿ ಪೊದೆ ಬೆಳೆದಷ್ಟೂ, ಮರ ನೆಟ್ಟಷ್ಟೂ ಅದರ ಕಣ್ಣು ಕಟ್ಟಿದಂತೆ.

ಹಕ್ಕಿಗಳ ವಿಷಯವೂ ಹೀಗೇ. ಹಳದಿ ಟಿಟ್ಟಿಭ ಬರೀ ನೆಲದ ಮೇಲೆ, ನಾಲ್ಕು ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ನೆಲಗುಬ್ಬಿಗಳ ಗೂಡು ಹುಲ್ಲಿನ ಬುಡದಲ್ಲಿ. ಒಂದು ಮರ ಬಂದು ನಿಂತರೆ ಅದರ ಕೊಂಬೆಯ ಮೇಲೆ ಕಾಗೆ ಕೂರುತ್ತದೆ, ಗೂಡು ಎಲ್ಲಿದೆ ಎಂದು ನೋಡುತ್ತದೆ. ಮಲೆನಾಡಿನವರು ಮರವೆಂದರೆ ಹಕ್ಕಿ ಎಂದು ನಂಬಿಕೊಂಡು ಬೆಳೆದವರು. ಬಾಸೂರಿನಲ್ಲಿ ನಿಂತರೆ ಆ ನಂಬಿಕೆಗೆ ಒಂದು ಗಡಿ ಇದೆ ಎಂದು ಗೊತ್ತಾಗುತ್ತದೆ.

ಮಾರನೆಯ ದಿನ ಬೀರೂರು ದಾಟಿ ಅಜ್ಜಂಪುರ. ಒಂದು ಕಾಲಕ್ಕೆ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಊರು ಈಗ ತಾನೇ ತಾಲ್ಲೂಕು. ರಸ್ತೆಯ ಎರಡೂ ಬದಿ ಈರುಳ್ಳಿಯ ರಾಶಿಗಳು, ಗರಿಯ ಚಪ್ಪರದ ಕೆಳಗೆ ಒಣಗುತ್ತಿರುವ ಗಡ್ಡೆ, ಚೀಲ ಹೊಲಿಯುವ ಹೆಂಗಸರು. ಊಟದ ಎಲೆ ಇಲ್ಲಿ ಬದಲಾಗುತ್ತದೆ. ಹೋಟೆಲಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂತು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಯ ಗಾಳಿ ಬೀಸುತ್ತಿದೆ ಎಂದು ನಾಲಿಗೆಗೇ ತಿಳಿಯುತ್ತದೆ. ಹೋಟೆಲಿನಲ್ಲಿ ಕೂತಿದ್ದ ರೈತರ ಮಾತೆಲ್ಲ ಈರುಳ್ಳಿ ಧಾರಣೆ ಮತ್ತು ಭದ್ರಾ ಮೇಲ್ದಂಡೆ ಯೋಜನೆಯದು. ಅಜ್ಜಂಪುರದ ಬಳಿಯ ಸುಮಾರು 7 ಕಿಲೋಮೀಟರಿನ ಸುರಂಗದಿಂದ ಭದ್ರೆಯ ನೀರು ಪೂರ್ವಕ್ಕೆ ಹೋಗುತ್ತದೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದದ್ದು ಇಲ್ಲಿಯವರಿಗೂ ಹಬ್ಬವಾಗಿತ್ತು. "ನೀರು ನಮ್ಮೂರ ಮೇಲೆ ಹೋಗ್ತದೆ, ನಮ್ಮ ಕೆರೆಗೂ ಒಂದಿಷ್ಟು ಬಿಡ್ಲಿ" ಎಂದರು ಒಬ್ಬ ಯಜಮಾನರು. ಅವರ ಬೇಡಿಕೆ ನ್ಯಾಯವಾದದ್ದು. ನೀರು ಬಂದರೆ ಕೆರೆ ತುಂಬುತ್ತದೆ, ಹಕ್ಕಿಯೂ ಬರುತ್ತದೆ. ಜೊತೆಗೇ ರಾಗಿ, ಜೋಳದ ಹೊಲಕ್ಕೆ ಅಡಿಕೆ ಸಸಿಯೂ ಬರುತ್ತದೆ. ಈಗಲೇ ಬರುತ್ತಿದೆ. ಅಡಿಕೆಯ ನಾಡಿನಿಂದ ಹೋದ ನಾನು ಅದನ್ನು ನೋಡಿ ಸಂತೋಷಪಡಲಾರದೆ ಹೋದೆ.

ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ದನಗಳನ್ನು ಹತ್ತಿರದಿಂದ ನೋಡಿದೆ. ಬೂದು ಮೈ, ಸಣ್ಣ ಮುಖ, ಎಚ್ಚರದ ಕಣ್ಣು. ಕೊಂಬುಗಳು ನೆತ್ತಿಯಲ್ಲಿ ಹತ್ತಿರ ಹತ್ತಿರ ಹೊರಟು, ಹಿಂದಕ್ಕೆ ಬಾಗಿ, ತುದಿಯಲ್ಲಿ ಕಪ್ಪಗೆ ಚೂಪಾಗುತ್ತವೆ. ಹತ್ತಿರ ಹೋದರೆ ಇಡೀ ಹಿಂಡು ಒಟ್ಟಿಗೆ ತಲೆಯೆತ್ತುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂದು ಕಟ್ಟಿ ಬೆಳೆಸಿದ ಹಿಂಡು ಇದು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೈದರನ ಸೈನ್ಯ ಚಿದಂಬರದ ಕಡೆ 100 ಮೈಲಿಯನ್ನು ಎರಡೂವರೆ ದಿನದಲ್ಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಇತಿಹಾಸ ಬರೆದವರು ಹೇಳುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಗೆ ಹೋಯಿತು. ಈ ದನಗಳಿಗಾಗಿಯೇ ಹಳೆ ಮೈಸೂರಿನ ಉದ್ದಗಲಕ್ಕೂ ಕಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ಒಂದು ಕಾವಲು ಮೇಯ್ದಾದ ಮೇಲೆ ಹಿಂಡು ಮುಂದಿನದಕ್ಕೆ ನಡೆಯುತ್ತಿತ್ತು, ಹಿಂದಿನದು ಚಿಗುರಿಕೊಳ್ಳುತ್ತಿತ್ತು. ಫಿರಂಗಿ ಎಳೆಯಲೆಂದು ಕಾಯ್ದ ಹುಲ್ಲು ಕೃಷ್ಣಮೃಗವನ್ನೂ ತೋಳವನ್ನೂ ಹಕ್ಕಿಯನ್ನೂ ಕಾಯಿತು. ಆಮೇಲೆ ಕಾವಲುಗಳು ಒಂದೊಂದಾಗಿ ಕರಗಿದವು. ಉಳುಮೆಗೆ, ಹಂಚಿಕೆಗೆ, ನೀಲಗಿರಿ ತೋಪಿಗೆ ಹೋದವು. ಚಳ್ಳಕೆರೆಯ ಕಡೆ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು.

ಆ ಸಂಜೆ ಹೋದ ಕಾವಲಿನ ಹೆಸರು ಇಲ್ಲಿ ಬೇಡ. ಊರಿನಿಂದ ದೂರ, ಕುರಿ ಹಾದಿ ಬಿಟ್ಟರೆ ಬೇರೆ ದಾರಿ ಇಲ್ಲ. ಒಬ್ಬ ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ತಿರುಗಿಸುತ್ತಿದ್ದ.

"ಏನ್ ಕಳಕೊಂಡಿದೀರಿ ಸ್ವಾಮಿ, ಹಿಂಗೆ ಹುಡುಕ್ತಿದೀರಿ?" ಎಂದ.

ಹಕ್ಕಿ ನೋಡಲು ಬಂದದ್ದು ಎಂದೆವು.

"ಗಿಡುಗ ಬತ್ತವೆ, ಹೊತ್ತು ಮುಳುಗೋಗಂಟ ಕೂತ್ಕಳಿ. ಈ ಹುಲ್ಲಾಗೇ ಮಲಗ್ತವೆ, ನಮ್ಮ ಕುರಿ ಮಲಗ್ದಂಗೆ."

ತೋಳ ಇದೆಯಾ ಎಂದು ಮೇಷ್ಟ್ರು ಕೇಳಿದರು. ಇದೆ, ವರ್ಷಕ್ಕೆ ಒಂದೋ ಎರಡೋ ಮರಿ ಹೋಗುತ್ತದೆ ಎಂದ ಅಜ್ಜ. ಸಿಟ್ಟು ಬರಲ್ವಾ ಎಂದರೆ, "ಬತ್ತದೆ. ಅದ್ರ ಪಾಲೂ ಐತಲ್ಲ" ಎಂದು ಹೇಳಿ ಕುರಿ ಹಿಂದೆ ಹೋದ.

ಸೂರ್ಯ ಹೊಗರೇಕಾನು ಗುಡ್ಡಗಳ ಕಡೆ ಇಳಿಯುತ್ತಿದ್ದಾಗ ಮೊದಲನೆಯದು ಬಂತು. ಸೆಳೆವ. ಇಂಗ್ಲಿಷಿನವರ ಹ್ಯಾರಿಯರ್. ಗಂಡು, ಬೂದು ಮೈ, ರೆಕ್ಕೆಯ ತುದಿ ಶಾಯಿಯಲ್ಲಿ ಅದ್ದಿದಷ್ಟು ಕಪ್ಪು. ಹುಲ್ಲಿನ ಮೇಲೆ ಆಳುದ್ದ ಎತ್ತರದಲ್ಲಿ, ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿಕೊಂಡು, ಆ ಕಡೆ ಈ ಕಡೆ ವಾಲುತ್ತಾ ಬಂದು, ತಟ್ಟನೆ ತಡೆದು ನಿಂತು, ಕಾಲು ಕೆಳಗೆ ಬಿಟ್ಟು ಹುಲ್ಲಿನೊಳಗೆ ಇಳಿಯಿತು. ಮತ್ತೆ ಮೇಲೆದ್ದಾಗ ಕಾಲಿನಲ್ಲಿ ಮಿಡತೆ. ಆಮೇಲೆ ಎಲ್ಲ ದಿಕ್ಕಿನಿಂದಲೂ ಬಂದವು. ಕಂದು ಹೆಣ್ಣುಗಳು, ಎದೆ ಕಿತ್ತಳೆಗೆಂಪಿನ ಆ ವರ್ಷದ ಮರಿಗಳು. ರಷ್ಯಾ, ಕಜಕಸ್ತಾನದ ಹುಲ್ಲುಗಾವಲುಗಳಲ್ಲಿ ಹುಟ್ಟಿ, ಇಷ್ಟು ದೂರ ಹಾರಿ, ಮತ್ತೆ ಹುಲ್ಲನ್ನೇ ಹುಡುಕಿಕೊಂಡು ಬಂದ ಮರಿಗಳು. ಹಗಲೆಲ್ಲ ಸುತ್ತಲ ಹೊಲಗಳ ಮೇಲೆ ಮಿಡತೆ, ಇಲಿ, ನೆಲಗುಬ್ಬಿ ಹಿಡಿದು, ಕತ್ತಲಾಗುವ ಮುಂಚೆ ಒಂದೇ ಕಡೆ ಕೂಡಿ ನೆಲದ ಮೇಲೆ ಮಲಗುತ್ತವೆ. ದಾರಿಯಲ್ಲಿ ಎಷ್ಟೋ ಕಾಡು, ತೋಪು ಸಿಕ್ಕಿದ್ದರೂ ಮರ ಅವಕ್ಕೆ ಬೇಡ.

ಮಾರನೆಯ ಬೆಳಿಗ್ಗೆ ಹಕ್ಕಿಗಳೆಲ್ಲ ಎದ್ದು ಹೋದ ಮೇಲೆ ಅಲ್ಲಿಗೆ ಹೋದೆವು. ಹುಲ್ಲು ದುಂಡಗೆ ಅದುಮಿದ ಗುರುತುಗಳು, ಬಿಳಿ ಹಿಕ್ಕೆ, ಹೆಬ್ಬೆರಳ ಗಾತ್ರದ ಒಣ ಉಂಡೆಗಳು. ಜೀರ್ಣವಾಗದ್ದನ್ನು ಅವು ಹೀಗೆ ಕಕ್ಕುತ್ತವೆ. ಮೇಷ್ಟ್ರು ಒಂದನ್ನು ಕಾಗದದ ಮೇಲೆ ಬಿಡಿಸಿದರು. ಹೊಳೆಯುವ ಮಿಡತೆ ಕಾಲುಗಳು, ಗರಗಸದಂಥ ಮುಳ್ಳಿನ ಸಾಲಿನೊಡನೆ. ಒಂದು ಇಲಿಯ ದವಡೆ, ಕಿತ್ತಳೆ ಬಣ್ಣದ ಹಲ್ಲು. ಹಿಡಿ ತುಂಬ ಮಿಡತೆ. ಈರುಳ್ಳಿ, ಶೇಂಗಾ ಬೆಳೆಯುವವರ ಹೊಲದಿಂದ ಹಕ್ಕಿಗಳು ಕೂಲಿಯಿಲ್ಲದೆ ತೆಗೆದದ್ದು.

ಆ ಮಲಗುವ ಜಾಗದಿಂದ ಕೂಗಳತೆಯಲ್ಲಿ ಗುಂಡಿಗಳು. ಅಳೆದು ತೋಡಿದ ಸಾಲುಗಳು, ದಿನ್ನೆಯ ತನಕ. ಬದಿಯಲ್ಲಿ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸಸಿಗಳು. ತೋಡಿಸಿದವರು ಯಾರು ಎಂದು ವಿಚಾರಿಸಲಿಲ್ಲ. ಯಾರಾದರೂ ಸರಿ, ಒಳ್ಳೆಯ ಮನಸ್ಸಿನಿಂದಲೇ ತೋಡಿಸಿರಬೇಕು. ಬರೀ ಬಯಲು ಬಿದ್ದಿದೆ, ನಾಲ್ಕು ಮರವಾದರೂ ಆಗಲಿ ಎಂದು. ನೂರಾರು ವರ್ಷ ಬೇರು ಬಿಟ್ಟ ಹುಲ್ಲನ್ನು ಕೊಚ್ಚಿ, ಮೇಲಿನ ಮಣ್ಣನ್ನು ಗುಡ್ಡೆ ಹಾಕಿದ್ದರು. ಕಾಗದದಲ್ಲಿ ಆ ನೆಲ ಬೀಳು ಎಂದೇ ಇರಬಹುದು. ಕಾಡು ಕಡಿದರೆ ಕೂಗುವ ಜನ ನಾವಿದ್ದೇವೆ. ಹುಲ್ಲಿನ ಮೇಲೆ ಕಾಡು ಹೊರಿಸಿದರೆ ಫೋಟೊ ತೆಗೆದು ಪತ್ರಿಕೆಗೆ ಕಳಿಸುತ್ತೇವೆ.

ಅಲ್ಲಿಂದ ತರೀಕೆರೆಗೆ ಬರುವ ತನಕ ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ. ದಾರಿಯಲ್ಲಿ ಅಮೃತಾಪುರದ ಅಮೃತೇಶ್ವರ ದೇವಾಲಯ ನೋಡಿದೆವು. 1196ರಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಹೊರಗೋಡೆಯಲ್ಲಿ 140 ಫಲಕಗಳು. ರಾಮಾಯಣದ 70 ಫಲಕಗಳು ಎಡಸುತ್ತಿನಲ್ಲಿ ಸಾಗುತ್ತವೆ, ಓದಬೇಕಾದರೆ ಪ್ರದಕ್ಷಿಣೆಗೆ ವಿರುದ್ಧ ನಡೆಯಬೇಕು. ಸುತ್ತ ತೆಂಗು, ಅಡಿಕೆ. ತರೀಕೆರೆಗೆ ಬಂದರೆ ಗಾಳಿಯಲ್ಲೇ ತೇವ. ಊರಿನ ಮಗ್ಗುಲ ಕೆರೆಯಲ್ಲಿ ಬಾಯ್ಕಳಕ ಕೊಕ್ಕರೆಗಳು ಗುಳುಬಸವನ ಹುಳು ಹೆಕ್ಕುತ್ತಿದ್ದವು. ಇನ್ನು ಸ್ವಲ್ಪ ದೂರಕ್ಕೆ ಲಕ್ಕವಳ್ಳಿ, ಭದ್ರಾ ಕಾಡು, ನಮ್ಮ ಸೀಮೆ. ಕಣ್ಣು ಮತ್ತೆ ಮೇಲಕ್ಕೆ ಹೋಗತೊಡಗಿತು.

ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಕನ್ನಡಿಗರಿಗೆ ಹಕ್ಕಿ ನೋಡುವುದನ್ನು ಕಲಿಸಿದರು. ಕಾಡು ಉಳಿಯಬೇಕೆಂಬ ಮಾತು ಅವರಂಥವರಿಂದ ಮನೆಮನೆಗೂ ತಲುಪಿತು. ಹುಲ್ಲಿನ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡುವವರು ಇನ್ನೂ ಬೇಕು. ಅಲ್ಲಿಯವರೆಗೆ ಶಾಲೆಗಳವರಲ್ಲಿ, ಸಂಘಗಳವರಲ್ಲಿ, ವನಮಹೋತ್ಸವ ಮಾಡುವ ಎಲ್ಲರಲ್ಲಿ ನನ್ನದೊಂದು ಬೇಡಿಕೆ. ಸಸಿ ನೆಡಿ. ಊರೊಳಗೆ ನೆಡಿ, ರಸ್ತೆ ಬದಿಗೆ ನೆಡಿ, ಶಾಲೆಯ ಅಂಗಳದಲ್ಲಿ, ಕೆರೆ ಏರಿಯ ಕೆಳಗೆ ನೆಡಿ. ಕಡೂರು, ಅಜ್ಜಂಪುರದ ಕಾವಲುಗಳಿಗೆ ಮಾತ್ರ ಗುದ್ದಲಿ ಹೊತ್ತು ಹೋಗಬೇಡಿ. ಹೋಗಲೇಬೇಕೆಂದಿದ್ದರೆ ಕಾರ್ತಿಕ ಮಾಸದ ಒಂದು ಸಂಜೆ ಬರಿಗೈಯಲ್ಲಿ ಹೋಗಿ, ಹೊತ್ತು ಮುಳುಗುವ ತನಕ ಕೂತು ನೋಡಿ ಬನ್ನಿ.